ಮೂಲೆಮನೆಯ ಕಡೆಗೆ ಕಿಟಕಿ

ನಗರಸಭೆಯ ಅಧಿಕಾರಿಗಳಿಗೆ,

ನಮಸ್ಕಾರ. ನಮ್ಮ ಬೀದಿಯ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಬೇಡವೆಂದು ಬಂದಿರುವ ತಕರಾರು ಅರ್ಜಿಯಲ್ಲಿ ನನ್ನ ಸಹಿಯೂ ಇದೆ. ದಯವಿಟ್ಟು ಅದನ್ನು ಹೊಡೆದುಹಾಕಿ.

ಅಂದು ಅಕ್ಕಪಕ್ಕದವರೆಲ್ಲ ಬಂದು, "ಕಟ್ಟಡ ಎದ್ರೆ ನಿಮಗೆ ಸೂಜಿಗೆ ದಾರ ಪೋಣಿಸೋಕೂ ಬೆಳಕಿರಲ್ಲ, ಟೈಲರ್ ಅಕ್ಕಾ" ಅಂದರು. ಬಟ್ಟೆ ಕೊಡುವವರು ಬಾಗಿಲಲ್ಲೇ ಕೊಟ್ಟು ಹೋಗುತ್ತಾರೆ. ನಮ್ಮವರು ತೀರಿಕೊಂಡ ಮೇಲೆ ಒಳಗೆ ಬಂದು ಕೂತವರು ಇವರೇ ಮೊದಲು. ಚಹಾ ಕುಡಿದು, ನಗಾಡಿ, ಕಾಗದ ಮುಂದಿಟ್ಟರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಆಮೇಲೆ ಯಾರೂ ಇತ್ತ ತಲೆ ಹಾಕಿಲ್ಲ.

ಬೆಳಕಿಲ್ಲದಿದ್ದರೆ ದೀಪ ಹಾಕಿಕೊಂಡು ಹೊಲಿಯುತ್ತೇನೆ. ಆದರೆ ನಕ್ಷೆಯಲ್ಲಿ ನನ್ನ ಮನೆಯ ಕಡೆ ಬರೀ ಗೋಡೆಯಿದೆಯಂತೆ. ಅಲ್ಲಿ ಅಡುಗೆಮನೆಗಳ ಕಿಟಕಿ ಇಡಿಸಿ. ಉಪ್ಪು ಮುಗಿದಾಗ ಯಾರಾದರೂ ಕೂಗಿದರೆ ನನಗೆ ಕೇಳಿಸುವಂತಿರಲಿ.

ಇಂತಿ,
ಮೂಲೆಮನೆಯ ಟೈಲರ್