ಒಂಟಿ ಶಾರ್ಕಿನ ಮೊಟ್ಟೆ

ಮುಹರ್ರಕ್, ಗುರುವಾರ, ನವೆಂಬರ್ 14

ಅತ್ತೆಯ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ.

ಮನೆಯ ಗಾಜಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ಒಂಟಿಯಾಗಿದ್ದ ನಮ್ಮ ಪುಟ್ಟ ಹೆಣ್ಣು ಶಾರ್ಕ್ ಮೊಟ್ಟೆ ಇಟ್ಟಿದೆ. ಮೊಟ್ಟೆಯನ್ನು ಜೋಪಾನ ಮಾಡಿದವಳು ನಾನು. ನೆಂಟರೆದುರು ಅದನ್ನು ಟಾರ್ಚಿಗೆ ಹಿಡಿದು ತೋರಿಸಿದವನು ನನ್ನ ಗಂಡ ನವ್ವಾಫ್. ಒಳಗೆ ಮರಿ ಬಾಲ ಆಡಿಸುತ್ತಿತ್ತು.

"ಗಂಡು ಇಲ್ದೇನೂ ಮರಿ ಆಗತ್ತೆ ಇದಕ್ಕೆ," ಎಂದ.

ಅತ್ತೆ ಖರ್ಜೂರದ ಬೀಜ ಉಗುಳಿ ನನ್ನತ್ತ ತಿರುಗಿದರು. "ನೋಡೇ, ಮೀನು ಗಂಡಿಲ್ದೆ ಬಸುರಾಯ್ತು. ನಿಂಗೆ ನನ್ನ ಮಗನಂಥ ಗಂಡಸಿದ್ದೂ ಆಗ್ಲಿಲ್ವಲ್ಲ!"

ದೋಷ ಅವನದೇ ಎಂದು ಡಾಕ್ಟರು ಹೇಳಿದ ದಿನ ನವ್ವಾಫ್ ಕಾರಿನಲ್ಲಿ ನನ್ನ ಕೈಹಿಡಿದು, "ಅಮ್ಮಂಗೆ ಹೇಳ್ಬೇಡ ಕಣೇ," ಎಂದು ಅತ್ತಿದ್ದ. ಇವತ್ತು ಎಲ್ಲರಿಗಿಂತ ಜೋರಾಗಿ ನಕ್ಕ.

ನಾನು ಎಲ್ಲರಿಗೂ ಕಾಫಿ ಬಗ್ಗಿಸಿದೆ. ಆ ಶಾರ್ಕೇ ಸುಖಿ. ಅದು ಯಾವ ಗಂಡನ ಮಾನವನ್ನೂ ಕಾಯಬೇಕಾಗಿಲ್ಲ.