ಎಂಬತ್ತು ಮೀಟರಿನಲ್ಲಿ ಹಿನಾ ಇಲ್ಲ

ರಾಮದುರ್ಗ
೨೪ ಏಪ್ರಿಲ್ ೨೦೨೬

ಹಿನಾಕೌಸರಳಿಗೆ,

‘ಪ್ರೀತಿಯ’ ಎಂದು ಬರೆಯಲು ಇವತ್ತು ಕೈ ಬರಲಿಲ್ಲ. ಮೊದಲು ಫೋನ್ ಮಾಡಿದವರು ಸೋತಂತೆ ಎಂಬ ಹಟ ನಮ್ಮಿಬ್ಬರದೂ. ಅದಕ್ಕೇ ಕಾಗದ. ನೇರ ಕೇಳುತ್ತೇನೆ: ನನ್ನ ಕರೆ ನಿನಗೆ ಕೇಳಿಸುತ್ತಿದೆಯೋ ಇಲ್ಲವೋ?

ಇಬ್ಬರೂ ಹವ್ಯಾಸಿಗಳ ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾದಾಗಿನಿಂದ ಸಂಜೆಯ ಎಂಬತ್ತು ಮೀಟರ್ ರೇಡಿಯೊ ಬ್ಯಾಂಡೇ ನಮ್ಮ ಹರಟೆಕಟ್ಟೆ. ರಾಮದುರ್ಗದಲ್ಲಿ ನಾನು, ಹೂಲಿಯಲ್ಲಿ ನೀನು, ನಡುವೆ ಮೋರ್ಸ್ ಸಂಕೇತದ ಟಿಕ್‌ಟಿಕ್. ರಮಜಾನ್ ಹಬ್ಬಕ್ಕೆ ನೀನು ಸುರಕುಂಬಾ ಪಾಯಸ ಮಾಡಿ ಕಾದೆ, ನಾನು ಬರಲಿಲ್ಲ. ಅಂದಿನಿಂದ ನಿನ್ನ ಉತ್ತರವೇ ನಿಂತುಹೋಯಿತು. ಇದನ್ನು ನಾನು ಏನೆಂದು ತಿಳಿಯಲಿ?

ಸೆಟ್ ಕೆಟ್ಟಿದೆ ಎನ್ನಬೇಡ. ಕಟಕೋಳದ ಭರಮಪ್ಪ ಕಾಕಾನೂ ಹ್ಯಾಮ್ ಅಲ್ಲವೇ, ಅವರನ್ನೇ ಕೇಳಿದೆ. “ಹಿನಾ ನಿನ್ನಿನೂ ನನ್ನ ಕೂಡ ಮಾತಾಡಿದ್ಳಲ್ಲವಾ, ಛಲೋ ಕೇಳಸ್ತೈತಿ” ಎಂದರು. ಕಾಕಾಗೆ ಮಾತು, ನನಗೆ ಮೌನ!

ನನ್ನ ಕಡೆ ಕುಂದಿಲ್ಲ. ಹಿಂದಿನ ಓಣಿಯ ವಿದ್ಯುತ್ ಮಗ್ಗಗಳ ಗರಗರ, ಮೇಲೆ ಬೇಸಿಗೆ ಗುಡುಗಿನ ಚಟಪಟ. ಅದರಲ್ಲಿ ನೀನು ಕಳೆದುಹೋಗಬಾರದೆಂದೇ ಹಬ್ಬದ ವಾರ ರಿಸೀವರಿನ ಫಿಲ್ಟರಿನ ಕಿಂಡಿಯನ್ನು ಐನೂರು ಹರ್ಟ್ಸ್‌ನಿಂದ ನೂರಕ್ಕೆ ಕಿರಿದಾಗಿಸಿದೆ. ಗದ್ದಲ ಅಡಗಿತು. ಕಾಕಾ ಕರೆದರೆ ಒಂದಕ್ಷರ ತಪ್ಪುವುದಿಲ್ಲ. ನಿನ್ನದೊಂದೇ ಇಲ್ಲ.

“ಆಕಿಗೆ ಬ್ಯಾರೆ ಗೆಳತ್ಯಾರು ಸಿಕ್ಕಾರ ತಗೋ” ಎನ್ನುತ್ತಾಳೆ ಅವ್ವ. ಮೊದಮೊದಲು ಅವ್ವನ ಮೇಲೇ ರೇಗಿದೆ. ಈಗ ನಂಬಿಕೆ ಬರುತ್ತಿದೆ. ನನಗೆ ನೋವಾಗಿದೆ ಹಿನಾ. ನಾನು ಬೇಡವಾದರೆ ಬೇಡ ಎಂದು ಬರೆ, ಮಾಳಿಗೆಯ ಆಂಟೆನಾ ಇಳಿಸಿಬಿಡುತ್ತೇನೆ.

ಇನ್ನೂ ನಿನ್ನವಳೋ ಅಲ್ಲವೋ ತಿಳಿಯದ,
ಶೈಲಶ್ರೀ

ತಾ.ಕ.: ಸಹಿ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಬ್ಯಾಟರಿಯ ಮೇಲೆ ಸೆಟ್ ಹಾಕಿ, ಇನ್ನೇಕೆ ಇಷ್ಟು ಬಿಗಿ ಎಂದು ಫಿಲ್ಟರನ್ನು ಮತ್ತೆ ಐನೂರಕ್ಕೆ ಬಿಟ್ಟೆ. ನನ್ನ ಫ್ರೀಕ್ವೆನ್ಸಿಯ ತುಸು ಪಕ್ಕದಲ್ಲೇ ನೀನಿದ್ದೆ, ನನ್ನನ್ನೇ ಕರೆಯುತ್ತಿದ್ದೆ. ನೀನೇ ಕಟ್ಟಿದ ಆ ಸೆಟ್ ಬಿಸಿಯಾದಂತೆ ಅದರ ಫ್ರೀಕ್ವೆನ್ಸಿ ಅತ್ತಿತ್ತ ಜಾರುತ್ತದೆಂದು ಗೊತ್ತಿದ್ದೂ, ನೂರರ ಸಂದಿಯಲ್ಲಿ ಕಿವಿಯಿಟ್ಟು ನಿನ್ನನ್ನು ಹೊರಗೆ ನಿಲ್ಲಿಸಿದ್ದೇನೆ. ಕೊನೆಗೆ ನೀನು ಬಡಿದದ್ದು: “ನೀನ ಕರದು, ನಾ ಉತ್ತರ ಕೊಟ್ರ ಕೇಳದಂಗ ಇರ್ತಿ. ಇವತ್ತೂ ಸಿಟ್ಟ ಇಳಿದಿಲ್ಲೇನ ಶೈಲಾ? ನಾಳಿ ಮತ್ತ ಕರೀತೇನಿ.” ನಾನು ಮೋರ್ಸ್ ಕೀಗೆ ಕೈ ಹಾಕುವಷ್ಟರಲ್ಲಿ ನೀನು ಸೆಟ್ ಆರಿಸಿಬಿಟ್ಟಿದ್ದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನೀನು ಓದುವಾಗ ಎದುರಿಗೇ ಕೂತಿರುತ್ತೇನೆ, ಬಾಯ್ತುಂಬ ಬೈಯಿ.