ಎಂಟು ನಿಮಿಷದ ಪ್ರಬಂಧ

ನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ಬೈಯಬೇಡ. ಬೈಯಲೇಬೇಕಾದರೆ ಕಾಗದ ಪೂರ್ತಿ ಓದಿ ಆಮೇಲೆ ಬೈಯಿ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ನಾನು "ಆಮೇಲೆ ಮಾಡ್ತೀನಿ" ಅಂತ ಮೆಸೇಜ್ ಹಾಕಿ, ಪಕ್ಕದಲ್ಲಿ ಎರಡು ಹೃದಯ ಅಂಟಿಸಿ ತಪ್ಪಿಸಿಕೊಂಡೆ. ಟಿಕೆಟ್ ತೆಗೆದುಕೊಳ್ಳದವರನ್ನು ಮುಖ ನೋಡಿಯೇ ಹಿಡಿಯುವ ಕಂಡಕ್ಟರಮ್ಮ ನೀನು. ನನ್ನ ದನಿ ಕೇಳಿದ್ದರೆ ಒಂದೇ ನಿಮಿಷಕ್ಕೆ ಸಿಕ್ಕಿಬೀಳುತ್ತಿದ್ದೆ. ಅದಕ್ಕೇ ಈ ಕಾಗದ.

ಭಾವ ಹೇಗಿದ್ದಾರೆ? ನನ್ನ ಗುಂಡನಿಗೆ ಹಲ್ಲು ಬಂತಾ? ಇವರು ದಿನಾ ಕೇಳುತ್ತಾರೆ. (ನೋಡು, "ಇವರು" ಅಂತ ಬರೆಯುವಾಗ ನನಗೆ ಈಗಲೂ ನಗು ಬರುತ್ತದೆ, ಮೂರು ತಿಂಗಳಾದರೂ!) ಕೃತಕ ಹಲ್ಲು ಮಾಡುವವರನ್ನು ಮದುವೆಯಾದರೆ ಹೀಗೇ ಅಕ್ಕ. ಯಾರಾದರೂ ನಕ್ಕರೆ ಇವರು ಮುಖ ನೋಡುವುದಿಲ್ಲ, ಹಲ್ಲಿನ ಬಣ್ಣ ನೋಡುತ್ತಾರೆ. ಒಂದು ದಿನ ಲ್ಯಾಬಿಗೆ ಕರೆದುಕೊಂಡು ಹೋಗಿದ್ದರು. ಕಿಟಕಿಯ ಪಕ್ಕದ ಮೇಜು ಇವರದು. ದೀಪದ ಕೆಳಗೆ ಬಗ್ಗಿ, ಕೂದಲಿನಷ್ಟು ತೆಳ್ಳಗಿನ ಬ್ರಷ್‌ನಲ್ಲಿ ಪಿಂಗಾಣಿಯ ಪುಡಿ ಹಚ್ಚಿ ಹಚ್ಚಿ ಒಂದು ಹಲ್ಲು ಕಟ್ಟುತ್ತಾರೆ. ಪಕ್ಕದ ಹಲ್ಲಿನಲ್ಲಿ ಒಂದು ಕಲೆ ಇದ್ದರೆ ಇದರಲ್ಲೂ ಅದೇ ಕಲೆ ಹಾಕುತ್ತಾರೆ. "ಕಲೆ ಯಾಕ್ರೀ, ಬೆಳ್ಳಗೆ ಮಾಡ್ಬಾರ್ದಾ?" ಅಂದೆ. "ಬೆಳ್ಳಗೆ ಮಾಡಿದ್ರೆ ಸುಳ್ಳು ಹಲ್ಲು ಅಂತ ಎಲ್ಲರಿಗೂ ಗೊತ್ತಾಗುತ್ತೆ ಕಣೇ" ಅಂದರು. ನನಗೆ ಅಲ್ಲೇ ತಬ್ಬಿಕೊಳ್ಳೋಣ ಅನ್ನಿಸಿತು. ಲ್ಯಾಬಿನ ಒಡತಿ ಎದುರಿಗೇ ಇದ್ದರು, ಇವರು ಬಚಾವಾದರು.

ಸರಿ, ವಿಷಯಕ್ಕೆ ಬರುತ್ತೇನೆ. ಬರಲೇಬೇಕು.

ಇವರು ಈ ದೇಶದಲ್ಲಿ ಏಳು ವರ್ಷದಿಂದ ಇದ್ದರೂ ಶಾಶ್ವತವಾಗಿ ಇರುವ ಅನುಮತಿ ಇಲ್ಲ, ಕೆಲಸದ ಪರವಾನಗಿ ಮಾತ್ರ ಇದೆ. ಅದೂ ಇನ್ನು ಐದು ತಿಂಗಳಿಗೆ ಮುಗಿಯುತ್ತದೆ. ಶಾಶ್ವತ ಅನುಮತಿಗೆ ಅಂಕಗಳು ಬೇಕು. ವಯಸ್ಸಿಗಿಷ್ಟು, ಓದಿಗಿಷ್ಟು, ಕೆಲಸಕ್ಕಿಷ್ಟು. ಎಪ್ಪತ್ತು ಬೇಕಿತ್ತು, ಇವರ ಹತ್ತಿರ ಅರವತ್ತೈದು ಇತ್ತು. ಹೆಂಡತಿ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಐದು ಸೇರುತ್ತದೆ. ನಿಧಾನಕ್ಕೆ ಬರೆದರಾಯಿತು ಅಂದುಕೊಂಡಿದ್ದೆವು. ಹೋದ ತಿಂಗಳ ಒಂದನೇ ತಾರೀಖು ಇವರು ಮನೆಗೆ ಬಂದವರೇ ಶೂ ಬಿಚ್ಚದೆ ಕೂತುಬಿಟ್ಟರು. ನಿಯಮ ಬದಲಾಯಿಸಿದ್ದಾರೆ. ಆ ತಿಂಗಳ ಕೊನೆಯೊಳಗೆ ಅರ್ಜಿ ಹಾಕಿದವರಿಗೆ ಎಪ್ಪತ್ತು, ಆಮೇಲಿನವರಿಗೆ ಎಂಬತ್ತೈದು.

"ಎಂಬತ್ತೈದು ನನಗೆ ಈ ಜನ್ಮಕ್ಕೆ ಆಗಲ್ಲ" ಅಂದರು.

ನಾನೋ, ಜೋರಾಗಿ ನಕ್ಕುಬಿಟ್ಟೆ. "ಐದು ಅಂಕ ತಾನೇ? ಇಂಗ್ಲಿಷ್ ತಾನೇ? ನೀವು ಯಾರನ್ನ ಮದುವೆ ಆಗಿದ್ದೀರ ಗೊತ್ತಾ ಸ್ವಾಮೀ?" ಅಂದೆ.

ಅಕ್ಕ, ನಿನಗೆ ನೆನಪಿರುತ್ತದೆ. ಮನೆಗೆ ಯಾರೇ ಬರಲಿ, ಅಪ್ಪ ನನ್ನನ್ನು ನಡುಮನೆಯಲ್ಲಿ ನಿಲ್ಲಿಸಿ "ಏನಾದ್ರೂ ಇಂಗ್ಲಿಷಲ್ಲಿ ಹೇಳಮ್ಮ" ಅನ್ನುತ್ತಿದ್ದರು. ಇಬ್ಬರಲ್ಲಿ ಒಬ್ಬಳನ್ನೇ ಇಂಗ್ಲಿಷ್ ಸ್ಕೂಲಿಗೆ ಸೇರಿಸುವಷ್ಟು ಶಕ್ತಿ ಅವರಿಗಿತ್ತು, ಆ ಒಬ್ಬಳು ನಾನಾದೆ. ನೀನು ಮನೆಯ ಹಿಂದಿನ ಕನ್ನಡ ಶಾಲೆಗೆ ಹೋದೆ. ನಿನ್ನ ಇಂಗ್ಲಿಷಿಗೆ ನಾನು ಎಷ್ಟು ನಕ್ಕಿದ್ದೇನೆ! ನನ್ನ ಮದುವೆಯಲ್ಲಿ ಇವರ ಸ್ನೇಹಿತರ ಮುಂದೆಯೂ ನಿನ್ನ ಒಂದು ಮಾತು ತಿದ್ದಿದೆ. ನೀನು "ಹೂಂ ಮೇಡಮ್" ಅಂದು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಈಗ ಅದು ನೆನಪಾದರೆ ಮೈಯೆಲ್ಲ ಬಿಸಿಯಾಗುತ್ತದೆ.

ಆರನೇ ತಾರೀಖಿಗೆ ಪರೀಕ್ಷೆಯ ಸೀಟು ಸಿಕ್ಕಿತು. ಇವರು ಸಂಜೆ ಬಂದು ಕೈ ತೊಳೆದು, ಉಗುರಿನಲ್ಲಿ ಇನ್ನೂ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಇರುವಾಗಲೇ ನನ್ನ ಮುಂದೆ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. "ಟೈಮ್ ಇಟ್ಟು ಬರೆದು ನೋಡು, ಒಂದೇ ಒಂದ್ಸಲ" ಅನ್ನುವರು. ನಾನು ಪುಸ್ತಕ ಮುಚ್ಚಿ ಇವರ ಕಿವಿ ಹಿಂಡುತ್ತಿದ್ದೆ. "ರೀ ಮೇಷ್ಟ್ರೇ, ನನಗೆ ಇಂಗ್ಲಿಷ್ ಹೇಳ್ಕೊಡ್ತೀರಾ?" ಅಂತ. ಒಂದೇ ಒಂದು ಸಲವೂ ಬರೆದು ನೋಡಲಿಲ್ಲ.

ಕೇಳುವುದು, ಓದುವುದು, ಮಾತಾಡುವುದು ಎಲ್ಲ ಹೂವೆತ್ತಿದ ಹಾಗೆ ಆಯಿತು. ಮಾತಾಡುವ ಪರೀಕ್ಷೆಯಲ್ಲಂತೂ ಆ ಪರೀಕ್ಷಕರೇ ನನ್ನನ್ನು ತಡೆದು ನಿಲ್ಲಿಸಬೇಕಾಯಿತು. ಬರೆಯುವುದಕ್ಕೆ ಒಂದು ಗಂಟೆ, ಎರಡು ಪ್ರಶ್ನೆ. ಮೊದಲನೆಯದು ಚಿಕ್ಕ ಕಾಗದ, ಇಪ್ಪತ್ತು ನಿಮಿಷದ್ದು. ಎರಡನೆಯದು ಪ್ರಬಂಧ, ನಲವತ್ತು ನಿಮಿಷದ್ದು, ಅಂಕ ಅದಕ್ಕೇ ಜಾಸ್ತಿ. ಕಾಗದ ಏನು ಗೊತ್ತಾ? ಗೆಳತಿಯ ಮದುವೆಗೆ ಹೋಗಲಾಗಲಿಲ್ಲ ಅಂತ ಕ್ಷಮೆ ಕೇಳಿ, ಒಂದೂವರೆ ನೂರು ಪದದಲ್ಲಿ ಬರೆಯಬೇಕಿತ್ತು.

ಮದುವೆ ಅಂದಮೇಲೆ ಕೇಳಬೇಕೇ! ಕ್ಷಮೆ ಎರಡು ಸಾಲಿಗೆ ಮುಗಿಯಿತು. ಆಮೇಲೆ ನನ್ನ ಮದುವೆಯದೇ ಶುರು. ಇವರು ಹಾರ ಹಾಕುವಾಗ ನನ್ನ ಕಿವಿಯೋಲೆ ಸಿಕ್ಕಿಕೊಂಡಿದ್ದು, ಅದನ್ನು ಬಿಡಿಸುತ್ತಾ ಇವರು "ಸಾರಿ ಸಾರಿ" ಅಂತ ಏಳು ಸಲ ಅಂದದ್ದು, ಗಂಡನ ನಗುವಿನ ಬಗ್ಗೆ ಒಂದು ಇಡೀ ಪುಟ. ಪೆನ್ನು ನಿಲ್ಲಲೇ ಇಲ್ಲ ಅಕ್ಕ, ಅಷ್ಟು ಚೆನ್ನಾಗಿ ಬರುತ್ತಿತ್ತು! ನಾಲ್ಕು ಪುಟ ಮುಗಿಸಿ, ಹೆಮ್ಮೆಯಿಂದ ತಲೆ ಎತ್ತಿ ಗಡಿಯಾರ ನೋಡಿದರೆ ಎಂಟು ನಿಮಿಷ ಉಳಿದಿತ್ತು.

ಪ್ರಬಂಧದ ವಿಷಯ ನಗರದಲ್ಲಿ ಕಾರು ಬಿಟ್ಟು ಜನ ಬಸ್ಸು ಹತ್ತುವಂತೆ ಮಾಡುವುದು ಹೇಗೆ ಅಂತ. ಬಸ್ಸು! ನೀನಾಗಿದ್ದರೆ ಪುಟಗಟ್ಟಲೆ ಬರೆಯುತ್ತಿದ್ದೆ. ನಾನು ಬರೆದದ್ದು ಆರು ಸಾಲು, ಆರನೆಯದು ಅರ್ಧಕ್ಕೇ ನಿಂತಿತು.

ಹತ್ತೊಂಬತ್ತಕ್ಕೆ ಫಲಿತಾಂಶ ಬಂತು. ಬೇರೆ ಮೂರರಲ್ಲೂ ಒಂಬತ್ತಕ್ಕೆ ಎಂಟರ ಮೇಲೆ, ಬರವಣಿಗೆಯಲ್ಲಿ ಐದು. ಎಲ್ಲದರಲ್ಲೂ ಆರು ಬೇಕಿತ್ತು. ಇವರು ಲ್ಯಾಬಿನಲ್ಲಿ ಮೊದಲೇ ಎಲ್ಲರಿಗೂ ಹೇಳಿಕೊಂಡಿದ್ದರು, "ನನ್ನ ಹೆಂಡತಿ ಇಂಗ್ಲಿಷಲ್ಲಿ ಕನಸು ಕಾಣ್ತಾಳೆ" ಅಂತ. ಒಡತಿ ಕೇಕ್ ತರಿಸಿಟ್ಟಿದ್ದರಂತೆ. ವಿಷಯ ಗೊತ್ತಾದಮೇಲೂ ಅದನ್ನು ಮನೆಗೇ ಕಳಿಸಿದರು, "ನಿನ್ನಂಥ ಕೈ ನನಗೆ ಮತ್ತೆ ಸಿಗಲ್ಲ, ಆದರೆ ಕಾನೂನು ನನ್ನ ಕೈಲಿಲ್ಲ" ಅಂತ ಇವರಿಗೆ ಹೇಳಿ. ಮೂರು ದಿನ ಫ್ರಿಜ್ಜಿನಲ್ಲಿತ್ತು ಆ ಕೇಕು. ಯಾರೂ ಮುಟ್ಟಲಿಲ್ಲ.

ಇನ್ನೊಂದು ಹೇಳುತ್ತೇನೆ, ನಗಬೇಡ, ಅಳಲೂ ಬೇಡ. ಇಂಟರ್ನೆಟ್ಟಿನಲ್ಲಿ ಅನುಮತಿಯ ಅಂಕದ ಲೆಕ್ಕ ಹಾಕುವ ಪುಟ ಇದೆಯಲ್ಲ, ಅದನ್ನು ನಾನೊಬ್ಬಳೇ ಇದ್ದಾಗ ತೆರೆದೆ. ಮದುವೆಯಾಗಿದೆಯೇ ಅನ್ನುವ ಕಡೆ "ಇಲ್ಲ" ಒತ್ತಿ ನೋಡಿದೆ. ಒಂಟಿಯಾಗಿರುವವರಿಗೆ ಹತ್ತು ಅಂಕ ಕೊಡುತ್ತಾರೆ. ಎಪ್ಪತ್ತೈದು ಬಂತು. ನಾನು ಇಲ್ಲದಿದ್ದರೆ ಇವರು ಹೋದ ತಿಂಗಳೇ ಪಾಸು ಅಕ್ಕ. ತಕ್ಷಣ ಮುಚ್ಚಿಬಿಟ್ಟೆ, ಕಳ್ಳಿಯ ಹಾಗೆ.

ಇವರು ಒಂದೇ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಜಗಳವಾಡುತ್ತಿದ್ದೆ. ಬದಲಿಗೆ ಪರೀಕ್ಷೆಯವರ ಮೇಲೇ ಕೋಪ. "ನಿನಗೆ ಐದು ಕೊಡ್ತಾರಾ? ಯಾವನೋ ನಿದ್ದೆಗಣ್ಣಲ್ಲಿ ನೋಡಿದಾನೆ" ಅನ್ನುತ್ತಾರೆ. ಮರುಮೌಲ್ಯಮಾಪನಕ್ಕೆ ಹಾಕೋಣ ಅಂತ ಫಾರಂ ತಂದಿದ್ದಾರೆ. ಅದರಲ್ಲಿ ಅಂಕ ಏರಿದರೆ ಹಳೆಯ ತಾರೀಖಿಗೇ ಅರ್ಜಿ ಸೇರಿಸಿಕೊಳ್ಳುತ್ತಾರಂತೆ. ಯಾಕೆ ಮತ್ತೆ ನೋಡಬೇಕು ಅಂತ ಕಾರಣ ಬರೆಯಲು ಐದು ಗೆರೆ ಬಿಟ್ಟಿದ್ದಾರೆ. "ನೀನೇ ಬರಿ, ನಿನ್ನ ಇಂಗ್ಲಿಷ್ ನೋಡಿ ಅವರೇ ನಾಚಿಕೊಳ್ಳಲಿ" ಅಂತ ಫಾರಂ ನನ್ನ ಮುಂದೆ ಇಟ್ಟು, ಈಗ ಬಟ್ಟೆ ಒಗೆಯಲು ಕೆಳಗೆ ಹೋಗಿದ್ದಾರೆ.

ಅಪ್ಪನಿಗೆ ಸದ್ಯಕ್ಕೆ ಏನೂ ಹೇಳಬೇಡ. ಯಾರ ಹತ್ತಿರ ಏನು ಹೇಳಿಕೊಂಡಿದ್ದಾರೋ. ಭಾವನಿಗೆ ನಮಸ್ಕಾರ. ಗುಂಡನಿಗೆ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿನ್ನ ಕೈ ನನ್ನ ತಲೆಯ ಮೇಲಿರಲಿ ಅಕ್ಕ, ಈಗ ಅದು ತುಂಬ ಬೇಕು. ದೇವರು ನಿನ್ನನ್ನು ನೂರು ವರ್ಷ ತಣ್ಣಗೆ ಇಟ್ಟಿರಲಿ.

ನಿನ್ನ ಬಾಯಿಬಡುಕಿ ತಂಗಿ,
ಪಟಾಕಿ

ತಾ.ಕ.: ಸಹಿ ಹಾಕಿ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ನಾಲ್ಕು ಪುಟದ ಕಾಗದ, ಎಂಟು ನಿಮಿಷ, ಆರು ಸಾಲು, ಇದೆಲ್ಲ ಇವರಿಗೆ ಗೊತ್ತಿಲ್ಲ ಅಕ್ಕ. ನಿನಗೇ ಮೊದಲು ಹೇಳುತ್ತಿರುವುದು. ಅವತ್ತು ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಇವರು ಗೇಟಿನಲ್ಲಿ ಕಾಯುತ್ತಿದ್ದರು. "ಸೂಪರ್!" ಅಂದುಬಿಟ್ಟೆ. ಪಕ್ಕದ ಊರಿನಲ್ಲಿ ಹನ್ನೊಂದಕ್ಕೆ ಇನ್ನೊಂದು ಪರೀಕ್ಷೆ ಇತ್ತು. ಫಲಿತಾಂಶ ಇಪ್ಪತ್ನಾಲ್ಕಕ್ಕೇ ಬರುತ್ತಿತ್ತು, ಅರ್ಜಿಗೆ ಸಮಯ ಉಳಿಯುತ್ತಿತ್ತು. ಇವರು ಹೆದರಿಕೊಂಡೇ ಅದರಲ್ಲೂ ಒಂದು ಸೀಟು ಹಿಡಿದಿಟ್ಟಿದ್ದರು. "ಸುಮ್ನೆ ಇರಲಿ ಕಣೇ, ಅದೂ ಬರೆದುಬಿಡು" ಅಂದರು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಮಗೆ?" ಅಂದೆ. ಆರು ಸಾಲು ಬರೆದು ಬಂದವಳು ಅಂದೆ ಅದನ್ನು! ಇವರು ನನ್ನ ಕಣ್ಣು ಒರೆಸಿ, ನನ್ನ ಎದುರಿಗೇ ಫೋನ್ ತೆಗೆದು ಆ ಸೀಟು ಬಿಟ್ಟುಕೊಟ್ಟರು, ನನಗೆ ನಂಬಿಕೆ ಬರಲಿ ಅಂತ.

ಆ ಐದು ಗೆರೆಯಲ್ಲಿ ಏನೂ ಬರೆದಿಲ್ಲ. ಬಾಯಿಬಿಟ್ಟು ಹೇಳಲು ನೋಡಿದೆ, ಎರಡು ಸಲ. ಬೇರೇನೋ ಹೇಳಿ ನಗಿಸಿಬಿಟ್ಟೆ. ಅದಕ್ಕೇ ಈ ಕವರಿಗೆ ಅಂಟು ಹಾಕುತ್ತಿಲ್ಲ. ಇವರು ಮೇಲೆ ಬಂದ ತಕ್ಷಣ ಕೈಗೆ ಕೊಟ್ಟು, ಮೊದಲು ನೀವು ಓದಿ, ಆಮೇಲೆ ಪೋಸ್ಟ್ ಮಾಡಿ ಅನ್ನುತ್ತೇನೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳುತ್ತಿದೆ. ಇದು ನಿನ್ನ ಕೈ ಸೇರಿದರೆ ಇವರು ಓದಿದ್ದಾರೆ ಅಂತ ತಿಳಿದುಕೋ.